ಜಲಜಕ್ಕ ಹೊಲಿದುಕೊಟ್ಟ ಚೀಲ

ನಂಬಲು ಆಗುತ್ತಿಲ್ಲ...
ಬೆಳಿಗ್ಗೆ ನಮ್ಮ ಕೆಲಸದವರ ಗ್ರೂಪಿನಲ್ಲಿ ಬಂದ ಮೆಸೇಜನ್ನು ಈಗಲೂ ತೆಗೆದು ತೆಗೆದು ಓದುತ್ತಿದ್ದೇನೆ.
ನಮ್ಮ ಜಲಜಕ್ಕ ಇಲ್ಲ.

ನಿನ್ನೆ ಸಂಜೆ ಉಪ್ಪುಂದದ ಬಸ್ಸು ಹತ್ತಿ, ಕಿಟಕಿಯಿಂದ ಕೈ ಹೊರಗೆ ಹಾಕಿ,
"ಹ್ವಾಯ್ ಸುಮಾ, ನಾಳೆ ಬಪ್ಪತಿಗೆ ಚಟ್ಲಿ ಚಟ್ನಿ ತತ್ತೆ" ಅಂದಿದ್ದಳು, ಸಿಗಡಿ ಚಟ್ನಿಯ ಆಸೆ ತೋರಿಸಿ.
ಕೆಮ್ಮುತ್ತಲೇ ಅಂದಿದ್ದಳು...
ಬೆಳಗಿನ ಜಾವ ಉಸಿರು ಕಟ್ಟಿತಂತೆ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ನಾವಿಬ್ಬರೂ ಕುಂದಾಪುರದ ಹತ್ತಿರ ಒಂದು ವಾಷಿಂಗ್ ಯುನಿಟ್‌ನಲ್ಲಿ ಕೆಲಸಕ್ಕಿದ್ದೆವು.
ಮಗ್ಗದಿಂದ ಬರುವ ಹೊಸ ಕಾಟನ್ ಬಟ್ಟೆ ಗಂಜಿ ಹಿಡಿದು ಹಲಗೆಯಂತೆ ಇರುತ್ತದೆ.
ಬಿಸಿನೀರಿಗೆ ಎಂಜೈಮ್ ಪೌಡರ್ ಹಾಕಿ ತಿರುಗಿಸಿದರೆ ಗಂಜಿ ಬಿಡುತ್ತದೆ.
ಇನ್ನೊಂದು ಪೌಡರ್ ಬಟ್ಟೆಯ ಮೇಲಿನ ಜುಂಗನ್ನು ತಿಂದು ಮೆತ್ತಗೆ ಮಾಡುತ್ತದೆ.

ತಿನ್ನುತ್ತದೆ ಎಂದು ಕೇಳಿಯೇ ಮೊದಲ ದಿನ ನಾನು ಹೆದರಿದ್ದೆ.
"ಅದ್ರೊಳಗೆ ಹುಳ ಇತ್ತಾ ಅಕ್ಕ?"
"ಹುಳ ಅಲ್ಲ ಮಾರಾಯ್ತಿ. ಅನ್ನ ಅಗಿತಾ ಇದ್ರೆ ಬಾಯಗೆ ಸೀ ಆತ್ತಲ್ದಾ? ನಮ್ ಎಂಜಲಗೆ ಇಪ್ಪುದೇ ಇದ್. ಈ ಮಿಷನ್ ಹಲ್ಲಿಲ್ದೆ ಅಗಿತ್ತ್, ಅಷ್ಟೇ."
ಅವಳು ನಕ್ಕಳು. ನಾನೂ ನಕ್ಕೆ...

ಪೌಡರ್ ಖಾಲಿಯಾದ ಚೀಲಗಳನ್ನು ಅವಳು ಎಸೆಯಲು ಬಿಡುತ್ತಿರಲಿಲ್ಲ.
"ಇಷ್ಟ್ ಗಟ್ಟಿ ಚೀಲ ಬಿಸಾಡುಕೆ ಆತ್ತಾ?"
ಒಳಗು ಹೊರಗು ಮಾಡಿ, ಹಿಂದಿನ ಗೋಡೆಗೆ ಬಡಿದು ಬಡಿದು ಝಾಡಿಸುತ್ತಿದ್ದಳು.
ಬಿಳಿ ಧೂಳು ಏಳುತ್ತಿತ್ತು. ನಾವು ಅಲ್ಲೇ ನಿಂತು ಹರಟೆ ಹೊಡೆಯುತ್ತಿದ್ದೆವು...
ಆಮೇಲೆ ಎಲ್ಲರಿಗೂ ಒಂದೊಂದು. ಯಾರೋ ಸೌದೆಗೆ ಮುಚ್ಚಿದರು, ಯಾರೋ ಮೀನು ಒಣಗಿಸಿದರು.
ನನ್ನದಕ್ಕೆ ಹಳೆ ಸೀರೆ ತುಂಬಿಸಿ, ಬಲೆ ಹೆಣೆಯುವ ದಾರದಲ್ಲಿ ಅವಳೇ ಬಾಯಿ ಹೊಲಿದು ಕೊಟ್ಟಳು.
ನನ್ನ ಮಗಳಿಗೆ ದಿಂಬು.

ಜಲಜಕ್ಕನಿಗೆ ಕೆಮ್ಮು ಶುರುವಾದದ್ದು ಹೋದ ಮಳೆಗಾಲದ ನಂತರ.
"ಐತಾರ ರಜಿ, ನಾ ಅರಾಮ್ ಇರ್ತೆ ಕಾಣ್. ಸೋಮಾರ ಬಂದ್ ಚೀಲ ಬಿಚ್ಚಿದ್ ಕೂಡ್ಲೆ ಎದಿ ಕಟ್ತ್" ಅನ್ನುತ್ತಿದ್ದಳು.
ಪೌಡರ್ ಎದೆಯನ್ನು ತಿನ್ನುವುದಿಲ್ಲ, ಆದರೆ ಕೆಲವರ ಮೈ ಅದರ ಧೂಳನ್ನು ಸಹಿಸುವುದಿಲ್ಲ, ಒಮ್ಮೆ ಹಾಗಾದರೆ ಆಮೇಲೆ ಸ್ವಲ್ಪವೇ ಸಾಕು, ದೂರ ಇರಿ ಎಂದು ಡಾಕ್ಟರ್ ಹೇಳಿದ್ದರಂತೆ.
ಅದಕ್ಕೂ ತಮಾಷೆ.
"ಕೆಲವ್ರಿಗೆ ಚಟ್ಲಿ ಆತಿಲ್ಲೆ. ನಂಗೆ ಚಟ್ಲಿ ಆತ್ತ್, ಪೌಡರ್ ಆತಿಲ್ಲೆ."
ತನ್ನನ್ನು ಪ್ಯಾಕಿಂಗ್‌ಗೆ ಹಾಕಿ ಎಂದು ಸೂಪರ್‌ವೈಸರನ್ನು ಕೇಳಿದಳು. "ಕಾಂಬ" ಅಂದವರು ಮತ್ತೆ ನೋಡಲೇ ಇಲ್ಲ.
ಚೀಲ ನಾನು ಬಿಚ್ಚುತ್ತೇನೆ ಎಂದು ಮುಂದೆ ಹೋದರೆ ಮೊಣಕೈಯಲ್ಲಿ ತಳ್ಳಿದಳು.
"ನೀ ಹಿಂದ್ ಸರಿ. ನಿಂಗೆ ಸಣ್ಣ ಹೆಣ್ಣ್ ಇತ್ತ್."
ನಿನ್ನೆಯೂ ಹೊಸ ಚೀಲ ಬಿಚ್ಚಿದ್ದು ಅವಳೇ...

ಜಲಜಕ್ಕ,
ಇವತ್ತು ಉಪ್ಪುಂದಕ್ಕೆ ಬಂದಿದ್ದೆ. ನಿನ್ನ ಮುಖ ನೋಡಿದೆ.
ಅಷ್ಟು ಜನರ ನಡುವೆ ನೀನು ಒಮ್ಮೆಯೂ ಕೆಮ್ಮದೆ ಮಲಗಿದ್ದೆ.
ಆ ಪೌಡರಿನಿಂದಲೇ ನೀನು ಹೋದೆ ಎಂದು ಹೇಳಲು ನಾನು ಡಾಕ್ಟರ್ ಅಲ್ಲ.
ಆದರೆ ನನಗೆ ಹೆದರಿಕೆ ಆಗಿದೆ ಅಕ್ಕ... ತುಂಬಾ ಹೆದರಿಕೆ ಆಗಿದೆ.

ಬರುವ ದಾರಿಯಲ್ಲಿ ಬಸ್ಸಿನಲ್ಲೇ ಸೂಪರ್‌ವೈಸರ್ ಮೆಸೇಜ್ ಬಂತು.
ನಾಡಿದ್ದಿನಿಂದ ಪೌಡರ್ ನೀನು ನೋಡಿಕೋ ಎಂದು.
ಓದಿದ ಕೂಡಲೇ ನನ್ನ ಎದೆ ಬಿಗಿಯಿತು. ಇದು ಬರೀ ಹೆದರಿಕೆಯಾ, ನಿನ್ನ ಕಾಯಿಲೆಯೇ ನನಗೂ ಶುರುವಾಯಿತಾ... ಗೊತ್ತಾಗುತ್ತಿಲ್ಲ.

ಮನೆಗೆ ಬಂದಾಗ ಮಗಳು ಆ ದಿಂಬಿನ ಮೇಲೆ ಮುಖ ಒತ್ತಿ ಮಲಗಿದ್ದಳು.
ಅವಳಿಗೂ ಸ್ವಲ್ಪ ದಿನದಿಂದ ಕೆಮ್ಮು ಇದೆ.
ಚಳಿಗೆ ಅಂದುಕೊಂಡಿದ್ದೆ...

ಅವಳನ್ನು ಎತ್ತಿ ಆಚೆ ಮಲಗಿಸಿದೆ.
ದಿಂಬನ್ನು ಅಂಗಳಕ್ಕೆ ತಂದು, ಅಭ್ಯಾಸದಂತೆ ಝಾಡಿಸಲು ಕೈ ಎತ್ತಿದ್ದೆ.
ಕೈ ಅಲ್ಲೇ ನಿಂತಿತು.
ನೀನು ಗೋಡೆಗೆ ಬಡಿಯುತ್ತಿದ್ದದ್ದು, ಆ ಬಿಳಿ ಧೂಳು, ಅದರ ಮಧ್ಯೆ ನಮ್ಮ ನಗು...
ಬಿಚ್ಚೋಣ ಅಂದರೆ ನಿನ್ನ ಗಂಟು ಬಿಚ್ಚುವುದಿಲ್ಲ. ಕತ್ತರಿ ಹಾಕಲು ಮನಸ್ಸು ಬರಲಿಲ್ಲ.
ಹಾಗೇ ಇಡಿಯಾಗಿ ಬಕೆಟಿನ ನೀರಿನಲ್ಲಿ ಮುಳುಗಿಸಿದೆ.

ಯುನಿಟ್‌ನ ಅಕ್ಕ ತಂಗಿಯರೇ, ಇದನ್ನು ಓದುತ್ತಿದ್ದರೆ...
ಮನೆಯಲ್ಲಿ ಆ ಚೀಲ ಇದ್ದರೆ ದಯವಿಟ್ಟು ಝಾಡಿಸಬೇಡಿ. ಮೊದಲು ನೀರು ಹಾಕಿ.
ಮಕ್ಕಳನ್ನು ಹತ್ತಿರ ಬಿಡಬೇಡಿ.
ನಾಳೆ ಮಗಳನ್ನು ಡಾಕ್ಟರಿಗೆ ತೋರಿಸಿ, ನನ್ನ ಎದೆಯನ್ನೂ ತೋರಿಸುತ್ತೇನೆ.
ನಾಡಿದ್ದು ಕೆಲಸಕ್ಕೆ ಬರುತ್ತೇನೆ. ಆದರೆ ಪೌಡರ್ ಚೀಲ ಬಿಚ್ಚುವುದಿಲ್ಲ.
ನೀರಿನ ಹಾಗೆ ಕ್ಯಾನಿನಲ್ಲಿ ಬರುವ ಎಂಜೈಮೂ ಇದೆಯಂತೆ, ಅದರಲ್ಲಿ ಈ ಧೂಳು ಏಳುವುದಿಲ್ಲವಂತೆ. ಅದನ್ನು ತರಿಸಿ ಎಂದು ಕೇಳುತ್ತೇನೆ.
ನನಗೆ ಜೋರಾಗಿ ಮಾತಾಡಲು ಬರುವುದಿಲ್ಲ ಎಂದು ನಿಮಗೆಲ್ಲ ಗೊತ್ತು.
ಪಕ್ಕದಲ್ಲಿ ಬಂದು ನಿಲ್ಲಿ. ಅಷ್ಟೇ ಸಾಕು.

ಜಲಜಕ್ಕ, ದಿಂಬು ಇನ್ನೂ ನೀರಿನಲ್ಲಿದೆ. ನೀನು ಹಾಕಿದ ಗಂಟು ಹಾಗೇ ಇದೆ.
ಬೇಜಾರು ಮಾಡಿಕೊಳ್ಳಬೇಡ...
ಹೋಗಿ ಬಾ ಅಕ್ಕ.
ನೀನು ಹೋದ ಕಡೆ ದಿನವೂ ಐತಾರವೇ ಆಗಿರಲಿ. ನಿನ್ನ ಜೀವ ತಂಪಾಗಿರಲಿ. 🙏