ಎದುರುಮನೆ ದೊಡ್ಡಮ್ಮನ ಸಾಕ್ಷಿ

ಎಂ.ಟೆಕ್ ಮುಗಿಸಿದ ವರ್ಷ ದೇಶದ ರಕ್ಷಣೆಗೆ ಸಂಬಂಧಿಸಿದ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಚಿತ್ರ ನೋಡಿ ಟ್ಯಾಂಕ್ ಯಾವುದು, ಲಾರಿ ಯಾವುದು ಎಂದು ತಾನೇ ಗುರುತಿಸುವಂತೆ ಕಂಪ್ಯೂಟರಿಗೆ ಕಲಿಸುವುದು ಅಲ್ಲಿಯ ಕೆಲಸ. ಸೇರುವ ಮೊದಲು ಪೊಲೀಸರು ಶಿಕಾರಿಪುರಕ್ಕೆ ಬಂದು ನನ್ನ ನಡತೆ ವಿಚಾರಿಸಬೇಕಿತ್ತು. ಅವರು ಒಪ್ಪದಿದ್ದರೆ ಕೆಲಸವಿಲ್ಲ. ಹೊರಗೆ ಯಾರಿಗೂ ಹೇಳಬಾರದೆಂದು ಸೂಚನೆಯಿದ್ದುದರಿಂದ ವಿಷಯ ಅಪ್ಪ, ಅವ್ವನಿಗೆ ಮಾತ್ರ ಗೊತ್ತಿತ್ತು.

ಒಂದು ಮಧ್ಯಾಹ್ನ ಮಫ್ತಿಯಲ್ಲಿದ್ದ ಇಬ್ಬರು ಪೊಲೀಸರು ಎದುರುಮನೆ ಕಟ್ಟೆಯ ಮುಂದೆ ಬೈಕ್ ನಿಲ್ಲಿಸಿದರು. ದೊಡ್ಡಮ್ಮ ಅಕ್ಕಿ ಹಸನು ಮಾಡುತ್ತಿದ್ದರು. ನಮ್ಮ ಬೀದಿ ಕಿರಿದು. ಕಿಟಕಿಯ ಹತ್ತಿರವಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

“ಆ ಮನೆ ಹುಡುಗಿ ಹೆಂಗ್ರೀ?” ಎಂದು ಹಿರಿಯವರು ಕೇಳಿದರು.

“ಬಂಗಾರದಂಥಾ ಹುಡುಗಿ. ಕೂತ್ಕೊಳ್ರೀ, ಮಜ್ಜಿಗೆ ತರ್ತೀನಿ.”

“ಸ್ವಭಾವ?”

“ಹೊಟ್ಟೇಲಿ ಒಂದು ಮಾತು ಇಟ್ಕೊಳ್ಳಲ್ಲ. ಎಲ್ಲಾ ನನ್ನ ಹತ್ರ ಹೇಳ್ತಾಳೆ.”

ನಾನು ಅವರ ಹತ್ತಿರ ಹಬ್ಬಕ್ಕೊಂದು ಮಾತಾಡಿದರೆ ಹೆಚ್ಚು.

“ಕೆಲಸಕ್ಕೆ ಹೋಗ್ತಾರಂತಲ್ಲ?”

“ಓದಿದ್ದಕ್ಕೆ ನಾಕು ದಿನ ಹೋಗಬಹುದು. ಆಮೇಲೆ ನೀವು ಬ್ಯಾಡ ಅಂದ್ರೆ ಬಿಡ್ತಾಳೆ. ಹುಡುಗ ಇವನೇನಾ?”

ಕಿರಿಯವನು ಕ್ರಾಪು ಸರಿಮಾಡಿಕೊಂಡ.

ದೊಡ್ಡಮ್ಮ ತಮ್ಮ ಮಗಳನ್ನು ಆನವಟ್ಟಿಗೆ ಕೊಟ್ಟಿದ್ದರು. ಆಗಲೂ ಗಂಡಿನ ಕಡೆಯವರು ಮನೆಗೆ ಬರುವ ಮೊದಲು ಅಕ್ಕಪಕ್ಕದಲ್ಲಿ ಹೀಗೇ ವಿಚಾರಿಸಿದ್ದರು. ಹುಡುಗಿಯ ಬಗ್ಗೆ ಕೇಳಿಕೊಂಡು ಬಂದ ಬೇರೆ ಯಾರನ್ನೂ ಅವರು ಕಂಡಿರಲಿಲ್ಲ.

ಆ ಇಬ್ಬರೂ ಬೀದಿ ದಾಟಿ ಬಂದರು. ಅವ್ವ ಚಹಾ ಕೊಟ್ಟಳು.

“ಹೊಟ್ಟೇಲಿ ಏನೂ ಇಟ್ಕೊಳ್ಳಲ್ವಂತೆ ನೀವು?” ಎಂದರು ಹಿರಿಯವರು.

ಕೆಲಸ ಕೈತಪ್ಪಿತು ಅಂದುಕೊಂಡೆ. “ದೊಡ್ಡಮ್ಮ ನಿಮ್ಮನ್ನ ಗಂಡಿನ ಕಡೆಯವರು ಅಂದ್ಕೊಂಡಿದಾರೆ.”

“ಯಾಕೆ, ಕೆಲಸದ ವಿಷಯ ಅವರಿಗೆ ಹೇಳಿಲ್ವಾ?”

“ಇಲ್ಲ ಸರ್. ಹೇಳಬಾರದು ಅಂದಿದಾರೆ.”

“ಎದುರುಮನೆಗೂ?”

“ಎದುರುಮನೆಗೂ.”

ಅವರು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಎದ್ದರು. “ನಡಿಯಪ್ಪ ಮದುಮಗ. ಇನ್ನು ಕೇಳೋದೇನೂ ಇಲ್ಲ.”

ಕೆಲಸ ಸಿಕ್ಕಿತು. ಹತ್ತು ವರ್ಷ ಕಳೆಯುವ ಹೊತ್ತಿಗೆ ಒಂದು ಸಣ್ಣ ತಂಡ ನನ್ನ ಕೈಗೆ ಬಂತು. ನಮ್ಮ ಯಂತ್ರ ನಮ್ಮಲ್ಲಿದ್ದ ಚಿತ್ರಗಳಲ್ಲಿ ತಪ್ಪುತ್ತಿರಲಿಲ್ಲ. ಹೊರಗಿನಿಂದ ತಂದ ಚಿತ್ರವೊಂದರಲ್ಲಿ ಮಾತ್ರ ರಸ್ತೆಯ ಮೇಲೆ ನಿಂತ ಟ್ಯಾಂಕನ್ನು ಲಾರಿ ಎಂದಿತು. ಯಂತ್ರದ ಲೆಕ್ಕದಲ್ಲೇ ದೋಷವಿರಬೇಕೆಂದು ತಂಡದ ಹುಡುಗರು ಹುಡುಕತೊಡಗಿದರು. ನನಗೆ ದೊಡ್ಡಮ್ಮ ನೆನಪಾದರು. ಅವರ ಹಾಗೆ ಯಂತ್ರವೂ ಬೇರೆ ಕಂಡಿರಲಿಲ್ಲ; ರಸ್ತೆಯ ಮೇಲೆ ನಾವು ಅದಕ್ಕೆ ಲಾರಿಗಳನ್ನು ಮಾತ್ರ ತೋರಿಸಿದ್ದೆವು. ಯಂತ್ರವನ್ನು ಸೇನೆಗೆ ಒಪ್ಪಿಸುವ ದಿನ ಹತ್ತಿರವಿತ್ತು, ಮೇಲಿನವರಿಗೆ ಅವಸರವಿತ್ತು. ಹೊಸ ಚಿತ್ರಗಳು ಬರುವವರೆಗೆ ಒಪ್ಪಿಸುವುದಿಲ್ಲ ಎಂದೆ. ಹಾಗೆ ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

ಆ ಸಲ ಊರಿಗೆ ಹೋದಾಗ ದೊಡ್ಡಮ್ಮ ಕಟ್ಟೆಗೆ ಕರೆದು ಕೂರಿಸಿಕೊಂಡರು. ನಾನು ಬೆಂಗಳೂರಿನ ಸರ್ಕಾರಿ ಕಚೇರಿಯಲ್ಲಿದ್ದೇನೆ ಎಂದಷ್ಟೇ ಅವರಿಗೆ ಗೊತ್ತು.

“ಬೈಕಲ್ಲಿ ಬಂದಿದ್ರಲ್ಲ ಆ ಗಂಡಿನ ಕಡೆಯೋರು, ಮತ್ತೆ ಬರಲೇ ಇಲ್ಲ. ನಾನೇನಾದ್ರೂ ಹೆಚ್ಚುಕಮ್ಮಿ ಮಾತಾಡಿದ್ನಾ, ಕೂಸೆ?”

ಇಷ್ಟು ವರ್ಷ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ನಿಜ ಹೇಳುವಂತಿರಲಿಲ್ಲ.

“ಇಲ್ಲ ದೊಡ್ಡಮ್ಮ. ನಿಮ್ಮ ಮಾತಿಂದ ನನಗೆ ಒಳ್ಳೇದೇ ಆಯ್ತು.”

“ಹಂಗಾದ್ರೆ ಹುಡುಗನೇ ಸರಿ ಇರಲಿಲ್ಲ ಬಿಡು,” ಎಂದು ಹಸನು ಮಾಡುತ್ತಿದ್ದ ಅಕ್ಕಿಯ ಮೊರ ನನ್ನ ಮಡಿಲಿಗಿಟ್ಟರು.