ಡೋಲ್ಮಾ ಹೋಟೆಲಿಗೆ ನಾನು ಬಿಟ್ಟ ಕಪ್ಪೆ

ಹೋದ ವರ್ಷ ಮುಂಗಾರು ಹಿಡಿದ ಹೊಸತು. ನನಗೆ ಆಗಷ್ಟೇ ಎಪ್ಪತ್ತೆರಡು ತುಂಬಿತ್ತು. ಗುರುಪುರದ ಸುತ್ತಮುತ್ತ ನನ್ನ ಕೀಟಲೆಗೆ ಸಿಗದವರು ಯಾರೂ ಇಲ್ಲ. ಸ್ವಂತ ಬೀಗರಿಗೇ ಮಜ್ಜಿಗೆ ಎಂದು ಅಕ್ಕಿ ತೊಳೆದ ನೀರು ಕುಡಿಸಿ, ‘ಚೆನ್ನಾಗಿದೆ’ ಅನ್ನಿಸಿಕೊಂಡವನು ನಾನು.

ನಮ್ಮೂರಿನಿಂದ ಟಿಬೆಟಿಯನ್ ಕ್ಯಾಂಪಿಗೆ ಹೋಗುವ ರಸ್ತೆಯಲ್ಲಿ ಡೋಲ್ಮಾ ಎಂಬ ಹೆಂಗಸಿನ ತಿಂಡಿ ಹೋಟೆಲ್ ಇದೆ. ತಗಡಿನ ಚಾವಣಿ, ಎರಡು ಬೆಂಚು, ಒಂದು ಹಬೆ ಪಾತ್ರೆ, ಅಷ್ಟೇ. ಗೋಡೆ ಕಡೆ ಕೂತವನು ಕೈ ತೊಳೆಯಲು ಏಳಬೇಕೆಂದರೆ ಬೆಂಚಿನವರೆಲ್ಲ ತಟ್ಟೆ ಎತ್ತಿಕೊಂಡು ನಿಂತು ದಾರಿ ಬಿಡಬೇಕು. ಬೆಳಗ್ಗೆ ಆರಕ್ಕೇ ಬಿಸಿ ಸಾರಿನಲ್ಲಿ ನೂಡಲ್ಸು, ಕೋಸು ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬಿನಂಥ ಮೊಮೊ ಸಿಗುತ್ತದೆ. ನಾವದನ್ನು ಚೈನಾ ಹೋಟೆಲ್ ಅನ್ನುತ್ತಿದ್ದೆವು. ಆಕೆಗೆ ಅದು ಆಗುತ್ತಿರಲಿಲ್ಲ. ಹುಟ್ಟಿದ್ದೇ ಇಲ್ಲಿ, ಮಾತೂ ನಮ್ಮಂತೆಯೇ.

"ಚೈನಾದೋರ ಕಾಟಕ್ಕೆ ಊರು ಬುಟ್ಟು ಓಡ್ಬಂದೋರ ಮಗಳು ನಾನು. ನನ್ನ ಅಂಗ್ಡಿಗೇ ಆ ಎಸ್ರಾ ತಾತ?" ಎಂದು ಸಿಡುಕುತ್ತಿದ್ದರು. ಸಿಡುಕಲಿ ಎಂದೇ ನಾನು ದಿನಾ ಹಾಗೆ ಕರೆಯುತ್ತಿದ್ದೆ.

ಒಂದು ಬೆಳಗ್ಗೆ ನನ್ನ ಓರಗೆಯ ಕಾಳೇಗೌಡನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವನು ಮೊಮೊ ಕಂಡಿದ್ದು ಅದೇ ಮೊದಲು. ಒಂದು ತಟ್ಟೆ ಮುಗಿಸಿ ಇನ್ನೊಂದು ಹೇಳಿದ.

"ಲೇ ನಂಜ, ಕೋಸು ಇಷ್ಟು ರುಚಿ ಇರ್ತದೇನ್ಲಾ? ನಮ್ಮನೇಲಿ ಮಾಡುದ್ರೆ ದನಾನೂ ಮೂಸಲ್ಲ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. ಅವನ ಕಿವಿಗೆ ಬಾಗಿದೆ. "ಕೋಸು ಅಂತ ಯಾರ್ಲಾ ಏಳುದ್ರು? ಈ ಸಲ ಗದ್ದೇಲಿ ಕಪ್ಪೆ ಸದ್ದೇ ಇಲ್ಲ. ಎಲ್ಲಿಗೋದ್ವು ಅಂತ ಯೋಚ್ನೆ ಮಾಡು."

ಕಾಳೇಗೌಡ ಎಲ್ಲರ ಮಂಡಿ ತುಳಿದುಕೊಂಡು ರಸ್ತೆಗೆ ಓಡಿ ವಾಂತಿ ಮಾಡಿಕೊಂಡ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಸುಳ್ಳು ಕಣೋ ಎಂದು ಹೇಳಲಿಲ್ಲ. ಅಷ್ಟು ಬೇಗ ಹೇಳಿಬಿಟ್ಟರೆ ತಮಾಷೆ ಎಲ್ಲಿ ಉಳಿಯುತ್ತದೆ?

ಹದಿನೈದು ದಿನದ ಮೇಲೆ ಹಂಪಾಪುರಕ್ಕೆ ಬೀಗರ ಊಟಕ್ಕೆ ಹೋಗಿದ್ದೆ. ಪಕ್ಕದ ಎಲೆಯವನು, ಮುಖಪರಿಚಯವೂ ಇಲ್ಲದವನು, ನನಗೇ ಹೇಳತೊಡಗಿದ. "ಗುರುಪುರದ ತಾವ ಒಂದು ಚೈನಾ ಓಟ್ಲು ಅದಂತೆ ಕಣ್ರೀ. ಚೀಲಗಟ್ಲೆ ಕಪ್ಪೆ ತರುಸ್ತಾರಂತೆ. ಕಣ್ಣಾರೆ ಕಂಡೋರವ್ರೆ."

ನಿಜ ಹೇಳುತ್ತೇನೆ, ಮೊದಲು ನನಗೆ ಜಂಬವೇ ಆಯಿತು. ನನ್ನ ಮಾತು ತಾಲ್ಲೂಕು ದಾಟಿ ಬಂದು ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿತ್ತು.

ಗದ್ದೆ ಕೆಲಸದಲ್ಲಿ ಹತ್ತು ದಿನದಿಂದ ಅತ್ತ ಸುಳಿಯದವನು ಮಾರನೆಯ ಬೆಳಗ್ಗೆ ಡೋಲ್ಮಾ ಹೋಟೆಲಿಗೆ ಹೋದೆ. ಬೆಂಚುಗಳು ಖಾಲಿ. ಆಕೆ ಹಬೆ ಪಾತ್ರೆಯ ಪಕ್ಕ ಸುಮ್ಮನೆ ಕೂತಿದ್ದರು.

"ತಿನ್ನಾಕೆ ಜನ ಬಂದು ಒಂಬತ್ತು ದಿನ ಆಯ್ತು ತಾತ. ನೆನ್ನೆ ನಾಕು ಜನ ಮೊಬೈಲ್ ಇಡ್ಕಂಡು ಬಂದು ಚಪ್ಲಿ ಕಾಲಲ್ಲೇ ಒಲೆ ತಾವ ನುಗ್ಗುದ್ರು. ಸಾರಿಗೆ ಕೋಲಾಕಿ ಕಲಕುದ್ರು, ಕಪ್ಪೆ ಉಡುಕ್ತೀವಿ ಅಂತ. ಭಾನ್ವಾರದ ಗಂಟ ನೋಡ್ತೀನಿ, ಆಮ್ಯಾಕೆ ಬಾಗ್ಲಾಕ್ತೀನಿ."

ಕುದಿಯುವ ಸಾರಿಗೆ ಬೀದಿಯ ಕೋಲು ಹಾಕುವುದೇ? ಮೈಯೆಲ್ಲ ಉರಿಯಿತು. ನಾನೇ ಕಾರಣ ಎಂದು ಮಾತ್ರ ಆಕೆಗೆ ಹೇಳದೆ ಎದ್ದೆ. ಅಲ್ಲಿಂದ ಸೀದಾ ಹಾಲಿನ ಡೈರಿಗೆ ಹೋದೆ. ಆ ಹೊತ್ತಿಗೆ ಊರೆಲ್ಲ ಕ್ಯಾನು ಹಿಡಿದು ಅಲ್ಲೇ ನಿಂತಿರುತ್ತದೆ.

"ಕಪ್ಪೆ ಮಾತು ಸುಳ್ಳು ಕಣ್ರಪ್ಪ. ನಾನೇ ಕಟ್ಟಿದ್ದು," ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. "ಇದ್ಯಾವ ಒಸ ಆಟ ನಂಜಣ್ಣ? ನಮ್ಗೂ ಕಪ್ಪೆ ತಿನ್ಸಿ ನೋಡ್ಬೇಕು ಅಂತಲಾ?"

ನನ್ನ ಸುಳ್ಳನ್ನು ಯಾರೂ ಸಾಕ್ಷಿ ಕೇಳದೆ ನುಂಗಿದ್ದರು. ನಿಜ ಹೇಳಿದರೆ ನಗು! ಅಷ್ಟರಲ್ಲಿ ಕಾಳೇಗೌಡ ಕ್ಯಾನು ಕೆಳಗಿಟ್ಟು ಮುಂದೆ ಬಂದ. "ಸುಮ್ಕಿರ್ಲಾ ಸಾಕು. ನನ್ನ ಬಾಯಿಗೇ ಕಾಲು ಸಿಕ್ಕಿತ್ತು. ಕಚ್ಚುದ್ರೆ ಕಟುಮ್ ಅಂತು!"

ನಾನು ಅವನ ಕಿವಿಗೆ ಹಾಕಿದ ಸುಳ್ಳಿಗೆ ಕಾಲು, ಮೂಳೆ ಜೋಡಿಸಿ ನನಗೇ ವಾಪಸ್ ಕೊಡುತ್ತಾನೆ! ಎಪ್ಪತ್ತೆರಡು ವರ್ಷದಲ್ಲಿ ನನಗೆ ಅಷ್ಟು ಸಿಟ್ಟು ಬಂದದ್ದಿಲ್ಲ.

"ಅಂಗಾರೆ ಬಾರ್ಲಾ ಮಾರಮ್ಮನ ಗುಡಿಗೆ. ಕರ್ಪೂರ ಆರ್ಸಿ ಏಳು."

ನಮ್ಮಲ್ಲಿ ಯಾವ ಜಗಳವಿದ್ದರೂ ಅದೇ ಕೊನೆ. ಅಮ್ಮನ ಮುಂದೆ ಕರ್ಪೂರ ಹಚ್ಚಿ, ಮಾತು ಹೇಳಿ, ಅಂಗೈಯಲ್ಲಿ ಉರಿ ಆರಿಸಬೇಕು. ಸುಳ್ಳು ಹೇಳಿ ಆರಿಸುವ ಧೈರ್ಯ ಯಾರಿಗೂ ಇಲ್ಲ. ನನ್ನ ಕಸುಬಿಗೆ ಆಗಿಬರದ ಜಾಗವೆಂದು ನಾನೂ ಅತ್ತ ಸುಳಿದವನಲ್ಲ. ಅವತ್ತು ಊರೆಲ್ಲ ನಮ್ಮ ಹಿಂದೆಯೇ ಬಂತು. ‘ಕಪ್ಪೆ ಮಾತು ನಾನು ಕಟ್ಟಿದ ಸುಳ್ಳು’ ಎಂದು ಅಂಗೈ ಇಟ್ಟು ಉರಿ ಆರಿಸಿದೆ. ಚುರ್ ಅಂತು. ಇನ್ನೊಂದು ಬಿಲ್ಲೆ ಹಚ್ಚಿದರು. ಕಾಳೇಗೌಡ ಕೈ ಎತ್ತಿದ. ಇಳಿಸಿದ.

"ಕಾಲೇ ಅಂತ ಎಂಗೇಳ್ಳಿ? ಕೋಸಿನ ದಿಂಡೂ ಇರ್ಬೋದು," ಅಂದ.

ಅವನನ್ನೂ ಇನ್ನೈದು ಜನರನ್ನೂ ಎಳೆದುಕೊಂಡು ಹೋಗಿ ಆ ಬೆಂಚುಗಳ ಮೇಲೆ ಒತ್ತಿ ಕೂರಿಸಿದೆ. ಅವರೆಲ್ಲರ ಮುಂದೆಯೇ ಡೋಲ್ಮಾಗೆ, "ಆ ಮಾತು ಆಡಿದವನು ನಾನೇ ಕಣವ್ವ," ಎಂದೆ. ಆಕೆ ನನ್ನ ಬೊಬ್ಬೆ ಎದ್ದ ಅಂಗೈ ನೋಡಿದರು. ಆಮೇಲೆ ಬಾಗಿಲ ಹತ್ತಿರ, ತಗಡಿನ ನೀರು ತೊಟ್ಟಿಕ್ಕುವ ಕಡೆ ಇದ್ದ ಸ್ಟೂಲು ತೋರಿಸಿದರು.

"ಇನ್ಮ್ಯಾಕೆ ನಿಮ್ಮ ಜಾಗ ಅದು ತಾತ. ದಿನಾ ಅಲ್ಲೇ ಕೂತು ತಿನ್ನಿ. ರೋಡಲ್ಲಿ ಓಗೋರ್ಗೆಲ್ಲ ಕಾಣ್ಬೇಕು."

ಆ ಭಾನುವಾರ ಬಾಗಿಲು ಹಾಕಲಿಲ್ಲ. ಈಗಲೂ ಹಾಕಿಲ್ಲ. ಚೈನಾ ಹೋಟೆಲ್ ಅನ್ನುವುದನ್ನು ನಾನು ಬಿಟ್ಟಿದ್ದೇನೆ. ಆದರೆ ಮೊದಲಿನ ಅರ್ಧ ಜನವೂ ಬರುವುದಿಲ್ಲ. ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯವರ ಮುಂದೆಲ್ಲ ಹೋಗಿ ಕರ್ಪೂರ ಆರಿಸಲು ನನಗೆಷ್ಟು ಕೈಗಳಿವೆ? ನಾನು ಬಾಗಿಲಲ್ಲಿ ನೆನೆಯುತ್ತ ತಿನ್ನುವಾಗ ಯಾರೋ ಬೈಕು ನಿಧಾನ ಮಾಡಿ, "ತಾತೋ, ಇವತ್ತು ಗದ್ದೆ ಕಪ್ಪೆನಾ, ಕೆರೆ ಕಪ್ಪೆನಾ?" ಎಂದು ಕೂಗುತ್ತಾರೆ.

"ಇಳ್ದು ಬಂದು ತಿಂದು ಮಾತಾಡ್ಲಾ!" ಎಂದು ಬಟ್ಟಲು ಹಿಡಿದುಕೊಂಡೇ ಎದ್ದು ಅರಚುತ್ತೇನೆ. ಅವರು ನಗುತ್ತ ಹೋಗಿಬಿಡುತ್ತಾರೆ. ಕಣ್ಣಲ್ಲಿ ನೀರು ಬರುವಂಥ ಆ ನಗು ನನಗೆ ಚೆನ್ನಾಗಿ ಗೊತ್ತು.

"ಕೂತ್ಕಳಿ ತಾತ, ಸಾರು ಆರೋಯ್ತದೆ," ಎಂದು ಡೋಲ್ಮಾ ಒಳಗಿಂದ ಕೂಗುತ್ತಾರೆ. ಕೂರುತ್ತೇನೆ. ಸಿಟ್ಟು ಮಾತ್ರ ಆರುವುದಿಲ್ಲ.