ಮ್ಯಾಲಿನ ಮನೆಯಾಕೆಯ ಸೌತಿಬೀಜ

ಗೋದಿ ಕೊಳ್ಳುವಾಗ ಕಣ್ಣನ್ನು ನಂಬಬೇಡಿರಿ, ಹಲ್ಲನ್ನು ನಂಬಿರಿ. ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯಿರಿ. ಕಟ್ಟೆಂದು ಒಡೆದರೆ ಅದು ಪಾಯಸದ ಸಾಮಾನಿಗೆ ಆಗುವ ಗೋದಿ. ಮೆತ್ತಗೆ ಹಿಟ್ಟಾದರೆ ಚಪಾತಿಗಿರಲಿ. ಪುಣೆಯ ಭವಾನಿ ಪೇಟೆಯ ಕಾಳಿನ ಅಂಗಡಿಗಳಲ್ಲಿ ಈ ಒಂದು ಪರೀಕ್ಷೆಯ ಬಲದ ಮೇಲೆ ನಾನು ಇಷ್ಟು ವರ್ಷ ಮೋಸ ಹೋಗದೆ ವ್ಯಾಪಾರ ಮಾಡಿದೆ. ಒಮ್ಮೆ ಮಾತ್ರ ಹೋದೆ. ಅದೂ ಹಲ್ಲು ಗಟ್ಟಿಯಿದ್ದಾಗಲೇ.

ಮದುವೆಯಾಗಿ ಧಾರವಾಡದ ಕಡೆಯಿಂದ ಪುಣೆಗೆ ಬಂದಾಗ ನನ್ನ ಹತ್ತಿರ ಒಂದು ಟ್ರಂಕು, ಒಂದು ಹಪ್ಪಳದ ಮಣೆ ಇದ್ದವು. ಯಜಮಾನರು ರವಿವಾರ ಪೇಟೆಯ ಅರಿವೆ ಅಂಗಡಿಯಲ್ಲಿ ಗುಮಾಸ್ತರು. ಆ ಪಗಾರದಲ್ಲಿ ಮನೆ ನಡೆಯುವುದಿಲ್ಲವೆಂದು ಮೊದಲ ಬೇಸಿಗೆಯಲ್ಲೇ ತಿಳಿದು ಹಪ್ಪಳ, ಸಂಡಿಗೆ, ಶಾವಿಗೆ ಮಾಡಿ ಮಾರಲು ತೊಡಗಿದೆ. ಕೆಲವು ವರ್ಷಗಳಲ್ಲಿ ಊರಿನ ಕನ್ನಡ ಖಾನಾವಳಿಗಳಿಗೆಲ್ಲ ನನ್ನ ಮನೆಯಿಂದಲೇ ಡಬ್ಬಿ ಹೋಗುತ್ತಿದ್ದವು. ಯಾರ ಕೈಯನ್ನೂ ಹಿಡಿದು ಮೇಲೆ ಬಂದವಳಲ್ಲ. ಅದಕ್ಕೇ ಇರಬೇಕು, ಇನ್ನೊಬ್ಬರ ಕೈ ನನ್ನ ಕೈಗಿಂತ ಚಲೋ ಎಂದರೆ ಮೈ ಉರಿಯುತ್ತಿತ್ತು.

ಉರಿಸಿದಾಕೆ ನಮ್ಮ ವಾಡೆಯ ಮ್ಯಾಲಿನ ಮನೆಯಾಕೆ. ವಿಜಾಪುರದ ಕಡೆಯವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಮೂವರು ಗಂಡುಮಕ್ಕಳು, ಹೆಣ್ಣಿಲ್ಲ. ಸಂತೆಗೆ ಕಳಿಸಿದರೆ ಕೊಳೆತ ಬದನೆಕಾಯಿ ತರುವಂಥ ಮಳ್ಳಿ. ಆದರೆ ಆಕೆ ಸೌತಿಬೀಜ ಹೊಸೆಯಲು ಕೂತರೆ ನೋಡಬೇಕು. ಸೌತಿಬೀಜ ಎಂದರೆ ನಾದಿದ ಸಣ್ಣ ರವೆಯನ್ನು ಎರಡು ಬೆರಳ ನಡುವೆ ಹೊಸೆದು, ಸೌತೆಕಾಯಿಯ ಬೀಜದಷ್ಟೇ ಮಾಡಿ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬುವುದು. ವರ್ಷವಿಟ್ಟರೂ ಕೆಡುವುದಿಲ್ಲ. ಮನೆಯಲ್ಲಿ ಒಂದು ಹಿಡಿ ಸೌತಿಬೀಜ, ಬೆಲ್ಲ, ಒಣಕೊಬ್ಬರಿ, ಗಸಗಸೆ ಇದ್ದರೆ ಯಾರೇ ಬರಲಿ, ಪಾಯಸಕ್ಕೆ ಅಂಗಡಿಗೆ ಓಡಬೇಕಾಗಿಲ್ಲ. ಒಂದು ಮಾತು: ರವೆ ನಾದಲು ಹಾಲು ಹಾಕಬೇಡಿರಿ, ಹುಳ ಬೀಳುತ್ತವೆ. ನೀರೇ ಸಾಕು.

ಆಕೆಯ ಬೆರಳಿಂದ ಅವು ಮಳೆಹನಿಯಂತೆ ಉದುರುತ್ತಿದ್ದವು, ಎಲ್ಲ ಒಂದೇ ಅಳತೆ. ನನ್ನವು ಹುಣಸೆಬೀಜ. ಹಪ್ಪಳ ಲಟ್ಟಿಸಿ ಲಟ್ಟಿಸಿ ನನ್ನ ಬೆರಳು ದಪ್ಪವಾಗಿದ್ದವು. ಅದನ್ನು ನಾನು ಒಪ್ಪಿಕೊಂಡಿದ್ದೆ. ಒಪ್ಪಲಾರದ್ದು ಬೇರೆ. ನನ್ನ ಒಬ್ಬಳೇ ಮಗಳು ಮಧ್ಯಾಹ್ನ ಊಟದ ತಾಟು ತೊಳೆದದ್ದೇ ತಡ, ಮೇಲೆ ಓಡುತ್ತಿದ್ದಳು. ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. "ಮಾವಶಿ ಹಿಂಗ ಮಾಡ್ತಾರ, ಮಾವಶಿ ಹಂಗ ಅಂದ್ರು." ಕೆಳಗೆ ಕೂತು ನಾನು ಹಪ್ಪಳ ಒತ್ತುವಾಗ ಮೇಲಿನಿಂದ ಇಬ್ಬರ ನಗು ಕೇಳುತ್ತಿತ್ತು. ನನ್ನ ಹತ್ತಿರ ಮಗಳು ಹಾಗೆ ನಕ್ಕದ್ದು ನೆನಪಿಲ್ಲ. ನನ್ನ ಹತ್ತಿರ ಆಕೆ ಹಪ್ಪಳ ಎಣಿಸುತ್ತಿದ್ದಳು.

"ಹೆತ್ತಾಕಿ ಕೆಳಗ, ಕಲಿಸಾಕಿ ಮ್ಯಾಲ," ಎಂದು ಯಜಮಾನರ ಮುಂದೆ ಗೊಣಗಿದೆ.

"ಪುಕ್ಕಟ ಕಲಿಸ್ತಾರ. ಪುಕ್ಕಟ ಸಿಕ್ಕದ್ದನ್ನ ನೀ ಯಾವಾಗಿಂದ ಬ್ಯಾಡ ಅನ್ನಾಕ ಹತ್ತಿದಿ?" ಎಂದರು ಅವರು.

ಅದು ಯುದ್ಧದ ಕಾಲ. ಸಕ್ಕರೆ ರೇಶನ್ ಚೀಟಿಯ ಮೇಲೆ, ಗೋದಿ ಚೀಟಿಯ ಮೇಲೆ. ಅಂಥದರಲ್ಲಿ ಮಗಳಿಗೊಂದು ನೆಂಟಸ್ತಿಕೆ ಬಂತು. ಸೊಲ್ಲಾಪುರದವರು, ಚಲೋ ಮನೆತನ. ಹುಡುಗಿಯನ್ನು ನೋಡಿ ಹೋಗಿದ್ದರು. ಇನ್ನು ಮಾತುಕತೆಗೆಂದು ಹುಡುಗನ ತಾಯಿ, ಅಜ್ಜಿ, ಕಾಕಾ ಬಂದು ಊಟ ಮಾಡಿ ಹೋಗುವುದಿತ್ತು. ಒಪ್ಪಿಗೆಯ ಮಾತು ಅಂದೇ ಬರಬೇಕು. ಮನೆಯಲ್ಲೇ ಹೊಸೆದ ಸಾಮಾನಿನ ಪಾಯಸವನ್ನು ಅಂಥವರಿಗೆ ಬಡಿಸುವುದು ನಮ್ಮ ರೂಢಿ. ಮನೆಯ ಹೆಣ್ಣುಮಕ್ಕಳ ಕೈ ಎಂಥದ್ದು ಎಂದು ಹಿರಿಯರು ಅದರಲ್ಲೇ ಅಳೆಯುತ್ತಿದ್ದರು.

ಮಗಳ ಹತ್ತಿರ ಒಂದು ಡಬ್ಬಿ ತುಂಬ ಇದ್ದವು, ಮೇಲೆ ಕೂತು ಹೊಸೆದವು. ಬೀಗರು "ಯಾರು ಕಲಿಸಿದರವ್ವಾ?" ಎಂದು ಕೇಳುತ್ತಾರೆ, ಈಕೆ "ಮಾವಶಿ" ಎನ್ನುತ್ತಾಳೆ, ನಾನು ತಂಬಿಗೆ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತೇನೆ. ಈ ಚಿತ್ರ ಕಣ್ಣಮುಂದಿನಿಂದ ಸರಿಯಲಿಲ್ಲ.

ಕಾಯಿಪಲ್ಲೆ ಮಾರುವ ಮಂಡಈ ಹತ್ತಿರ ಒಬ್ಬ ಮುದುಕಿ ಬುಟ್ಟಿಯಲ್ಲಿ ಸೌತಿಬೀಜ ಇಟ್ಟುಕೊಂಡು ಕೂಡುತ್ತಿದ್ದಳು. ಮರಾಠಿಯವರು ಗವ್ಹಲೆ ಎನ್ನುತ್ತಾರೆ. ನೋಡಿದೆ. ಎಷ್ಟು ಸಣ್ಣ! ಎಷ್ಟು ಬಿಳಿ! ಮ್ಯಾಲಿನ ಮನೆಯಾಕೆಯವಕ್ಕಿಂತ ಸಣ್ಣ. ಚೌಕಾಸಿ ಮಾಡುವ ಕ್ರಮವೇನೋ ತಪ್ಪಲಿಲ್ಲ: ಮೊದಲು ಪಕ್ಕದ ಸಂಡಿಗೆಯ ಬೆಲೆ ಕೇಳಿದೆ, ಮೂಗು ಮುರಿದೆ, ಎದ್ದು ನಾಲ್ಕು ಹೆಜ್ಜೆ ನಡೆದೆ, ಆಕೆ ಕರೆದ ಮೇಲೆ ತಿರುಗಿ ಬಂದೆ. ಹೇಳಿದ್ದರ ಅರ್ಧಕ್ಕೆ ಕಟ್ಟಿಸಿಕೊಂಡೆ. ಗೆದ್ದೆ ಎಂದುಕೊಂಡೆ. ಒಂದೇ ಒಂದನ್ನು ಹಲ್ಲಿಗೆ ಹಾಕಿ ನೋಡಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ವ್ಯಾಪಾರಕ್ಕೆ ಹೋಗಬೇಡಿರಿ, ಅಕ್ಕತಂಗಿಯರೇ. ಹಸಿದು ಹೋದರೂ ನಡೆದೀತು.

ಊಟದ ದಿನ ಮುಂಜಾನೆ ಡಬ್ಬಿಯನ್ನು ಮಗಳ ಮುಂದೆ ಇಟ್ಟೆ.

"ನಿನ್ನವು ಮದುವಿಗಿರಲಿ. ಇವತ್ತ ಇವನ್ನ ಮಾಡು. ನಾನ ಹೊಸದೇನಿ, ನೀ ಮ್ಯಾಲ ಹೋದಾಗೆಲ್ಲ."

ಆಕೆ ಮುಚ್ಚಳ ತೆಗೆದಳು. ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ಹರವಿ ನೋಡಿದಳು. ಆಮೇಲೆ ನನ್ನ ಬೆರಳು ನೋಡಿದಳು. "ಆಗಲಿ ಅವ್ವಾ," ಎಂದಳು. ಏಲಕ್ಕಿ ಕೇಳಿ ಬರುತ್ತೇನೆಂದು ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಮೇಲೆ ಹೋದಳು. ಏಲಕ್ಕಿ ನಮ್ಮ ಮನೆಯಲ್ಲೇ ಇತ್ತು.

ಬೀಗರು ಬಂದರು. ಎಲೆ ಹಾಕಿ, ಪಲ್ಯ, ಕೋಸಂಬರಿ ಬಡಿಸಿಯಾಯಿತು. ಪಾಯಸದ ಪಾತ್ರೆಯ ಮುಚ್ಚಳ ನಾನೇ ತೆಗೆದೆ. ಒಳಗೆ ಬೀಜವಿಲ್ಲ, ಕಾಳಿಲ್ಲ. ಅಂಬಲಿ. ಮುದುಕಿ ಕೊಟ್ಟವು ರವೆಯವಲ್ಲ, ಮೈದಾದವು; ಬಿಸಿನೀರಿಗೆ ಬಿದ್ದದ್ದೇ ಕರಗಿ ಗೋಡೆಗೆ ಭಿತ್ತಿಪತ್ರ ಅಂಟಿಸುವ ಅಂಟಾಗಿತ್ತು. ಬೇರೆ ಪಾಯಸ ಇಡಲು ಹೊತ್ತಿಲ್ಲ; ಮಗಳು ಆಗಲೇ ಸೌಟು ಹಿಡಿದು ಬಡಿಸಲು ಹೊರಟಿದ್ದಳು.

ಹುಡುಗನ ತಾಯಿ ಬೆರಳಿಂದ ಒಮ್ಮೆ ಎತ್ತಿದಳು. ಅದು ದಾರದಂತೆ ಜೋತುಬಿತ್ತು.

"ಇದು ಯಾರ ಕೈದರೀ?"

 ನಾನು ಬಾಯಿ ತೆರೆಯುವುದರೊಳಗೆ ಮಗಳು ಅಂದಳು, "ನನ್ನ ಕೈದರಿ."

"ಇನ್ನೂ ಕೈ ಕೂತಿಲ್ಲ ಬಿಡು," ಎಂದು ಆಕೆ ಎಲೆಯ ಅಂಚಿಗೆ ಸರಿಸಿದಳು. ಕಾಕಾ ತಲೆ ಎತ್ತಲಿಲ್ಲ. ನನ್ನ ಮಗಳ ನೆಂಟಸ್ತಿಕೆ ಮುರಿದು ಬೀಳುವ ಸದ್ದು ನನಗೆ ಕೇಳಿತು. ನನ್ನದೆಂದು ಹೇಳಬೇಕಾಗಿತ್ತು. ಹೇಳಲಿಲ್ಲ. ತಂಬಿಗೆ ಹಿಡಿದು ನಿಂತೇ ಇದ್ದೆ.

ಆಗ ಮೆಟ್ಟಿಲ ಮೇಲೆ ಬಳೆಯ ಸದ್ದು. ಮ್ಯಾಲಿನ ಮನೆಯಾಕೆ ಸೆರಗಿನಿಂದ ಬಿಸಿ ಪಾತ್ರೆ ಹಿಡಿದು ಒಳಗೆ ಬಂದಳು.

"ಅಕ್ಕಾರ, ಏನರೀ ನೀವು! ದೊಡ್ಡವರ ಪಾಯಸ ಮ್ಯಾಲ ನಮ್ಮ ಒಲಿಮ್ಯಾಲನ ಉಳೀತಲ್ಲ! ಇದನ್ನ ಯಾಕ ಎಲ್ಲಾರಿಗೂ ಬಡಿಸಿದ್ರಿ? ಇದು ಹಲ್ಲಿಲ್ಲದವರಿಗಂತ ಕರಗಿಸಿ ಮಾಡಿದ್ದಲ್ಲೇನು?"

ಮೂಲೆಯಲ್ಲಿದ್ದ ಹುಡುಗನ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಹಲ್ಲಿಲ್ಲದಾಕಿ ನಾನೊಬ್ಬಾಕಿನ ಇಲ್ಲಿ. ಇತ್ತ ತರ್ರಿ ಅದನ್ನ. ಅದನ್ನೂ ಬಡಸ್ರಿ, ಇದನ್ನೂ ಬಡಸ್ರಿ."

ಎಲ್ಲರೂ ನಕ್ಕರು. ಹೊಸ ಪಾಯಸದಲ್ಲಿ ಒಂದೊಂದು ಬೀಜ ಬೇರೆ ಬೇರೆ ನಿಂತಿತ್ತು. ಹುಡುಗನ ತಾಯಿ ಎರಡು ಸಲ ಹಾಕಿಸಿಕೊಂಡಳು. "ಇವನ್ನ ನಿಮ್ಮ ಹುಡುಗಿನ ಹೊಸದಾಳ್ರಿ, ನಾ ಬರೇ ಕುದಿಸೇನಿ," ಎಂದಳು ಮ್ಯಾಲಿನವಳು. ಏಳುವಾಗ ಕಾಕಾ ಮುಹೂರ್ತದ ಮಾತು ತೆಗೆದರು.

ಬೀಗರು ಹೋದ ಮೇಲೆ ಪಾತ್ರೆ ತಿಕ್ಕುತ್ತಿದ್ದ ಮಗಳ ಹತ್ತಿರ ಕೂತೆ.

"ಪ್ಯಾಟಿದು ಅಂತ ನಿನಗ ತಿಳದಿತ್ತೇನು?"

"ಮುಚ್ಚಳ ತಗದ ಕೂಡ್ಲೆ."

"ಕರಗ್ತದಂತನೂ ತಿಳದಿತ್ತು?"

"ಹಲ್ಲಿಗೆ ಹಾಕಿ ನೋಡಿದೆ. ನೀನ ಕಲಿಸೀಯಲ್ಲ."

"ಮತ್ತ ಯಾಕ ಕುದಿಸಿದಿ, ಹುಚ್ಚಿ?"

ಆಕೆ ಬೂದಿಯ ಕೈಯಿಂದ ಕೂದಲು ಸರಿಸಿಕೊಂಡಳು. "ಮಾವಶಿನ ಅಂದ್ರು. ನಿಮ್ಮವ್ವ ಮನಸಿಟ್ಟು ತಂದಾಳ, ಒಲ್ಲೆ ಅನಬ್ಯಾಡ, ಕುದಿಸು. ನಿನ್ನ ಡಬ್ಬಿ ಇಲ್ಲಿ ತಾ, ನಾ ಇನ್ನೊಂದು ಪಾತ್ರಿ ಇಟ್ಟಿರ್ತೀನಿ, ಅಂತ."

ಮ್ಯಾಲಿನ ಮನೆಯಾಕೆ ನನ್ನನ್ನು ಕಳ್ಳಿ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಸೆಯುವುದನ್ನು ಕಲಿಸಿದ್ದು ಸಾಲದೆಂದು ನನ್ನ ಮಾನ ಕಾಯುವುದನ್ನೂ ಆಕೆಯೇ ನನ್ನ ಮಗಳಿಗೆ ಕಲಿಸಿದ್ದಳು. ಆ ದಿನದಷ್ಟು ಹೊಟ್ಟೆಕಿಚ್ಚು ನಾನು ಜೀವಮಾನದಲ್ಲಿ ಪಟ್ಟಿಲ್ಲ.

ಮದುವೆಯ ಡಬ್ಬಿ ತುಂಬಬೇಕಿತ್ತು. ಚೀಟಿಯ ಗೋದಿ ಮೆತ್ತಗಿನದೆಂದು ಹೆಚ್ಚಿನ ಬೆಲೆಗಾದರೂ ಆಗಲಿ ಎಂದು ಭವಾನಿ ಪೇಟೆಯಲ್ಲಿ ಏಳು ಅಂಗಡಿ ತಿರುಗಿ, ಪ್ರತಿ ಚೀಲಕ್ಕೂ ಹಲ್ಲು ಹಚ್ಚಿ, ಗಟ್ಟಿ ಜವೆಗೋದಿ ಹುಡುಕಿ ತಂದು, ರವೆ ಒಡೆಸಿ ಮೇಲೆ ಹೊತ್ತುಕೊಂಡು ಹೋದೆ.

"ವೈನಿ, ನನಗೂ ಕಲಿಸ್ರಿ," ಎಂದೆ. ಹೇಳಲು ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

"ಬರ್ರಿ ಅಕ್ಕಾರ, ಕೂಡ್ರಿ," ಎಂದು ಕಣಕ ಕೊಟ್ಟಳು. ಎಂಟು ದಿನ ಮೂವರೂ ಕೂತೆವು. ಅವರಿಬ್ಬರವು ಬೀಜ, ನನ್ನವು ಆಗಲೂ ಹುಣಸೆಬೀಜ. ಕೊನೆಯ ದಿನ ಆಕೆ ಎಲ್ಲವನ್ನೂ ಒಂದೇ ಮೊರಕ್ಕೆ ಸುರಿಯಲು ಹೋದಳು. "ಬೆರಸಿದ್ರ ಯಾರಿಗೂ ತಿಳಿಯೂದಿಲ್ಲ ಬಿಡ್ರಿ."

"ಬೆರಸಬ್ಯಾಡ್ರಿ," ಎಂದೆ. ನನ್ನವನ್ನು ಬೇರೆ ಅರಿವೆಯಲ್ಲಿ ಗಂಟು ಕಟ್ಟಿ ಮಗಳ ಟ್ರಂಕಿನಲ್ಲಿ ಇಟ್ಟೆ. ಇವು ಬೇಯಲು ಎರಡು ಪಟ್ಟು ಹೊತ್ತು ಬೇಕು, ಬೆಲ್ಲ ಕೊನೆಗೆ ಹಾಕು ಎಂದು ಹೇಳಿ ಕಳಿಸಿದೆ.